ಓರೆಕೋರೆ ಎಲೆಗಳು

ಮೊನ್ನೆ ಯಾರದೋ ಮದುವೆಗೆಂದು ನಮ್ಮವರ ಹಳೆಯ ಉಣ್ಣೆಯ ಕೋಟನ್ನು ಪೆಟ್ಟಿಗೆಯಿಂದ ತೆಗೆದು ಲಾಂಡ್ರಿಗೆ ಕೊಟ್ಟಿದ್ದೆ. ತರಲು ಹೋದಾಗ ಅಂಗಡಿಯವನು ಅದರ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಒತ್ತುತ್ತಿದ್ದ. ಆವಿ ಎದ್ದಿತು. ಕಾದ ಒದ್ದೆ ಉಣ್ಣೆಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. "ಯಾಕಮ್ಮ, ತಲೆ ಸುತ್ತುತ್ತಾ?" ಎಂದು ಅವನು ಕೇಳಿದ. ದೋಹಾದ ಒಂದು ಚಳಿಗಾಲ ನೆನಪಾಯಿತಪ್ಪ ಎಂದು ಇಸ್ತ್ರಿಯವನಿಗೆ ಹೇಳುವುದಾದರೂ ಹೇಗೆ? ಬಿಸಿಲು ಅಂದೆ.

ತೊಂಬತ್ತರ ದಶಕದ ನಡುಭಾಗ. ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡವೊಂದರ ಮಹಡಿ ಮನೆ ನಮ್ಮದು. ನಮ್ಮವರು ಒಂದು ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ಅಕೌಂಟೆಂಟ್. ನಾನು ಬೆಳಗಿನ ಹೊತ್ತು ಭಾರತೀಯ ಶಾಲೆಯೊಂದರಲ್ಲಿ ಟೀಚರ್, ಮಧ್ಯಾಹ್ನ ಮನೆಯಲ್ಲಿ ಟ್ಯೂಷನ್, ಮಿಕ್ಕ ಹೊತ್ತು ಕಟ್ಟಡಕ್ಕೆಲ್ಲ ಇಂಗ್ಲಿಷ್ ಮಾತಾಡುವವಳು. ಯಾರಿಗೆ ಜ್ವರ ಬಂದರೂ ಡಾಕ್ಟರ ಮುಂದೆ ನಾನು, ಯಾರ ಮನೆಯ ಏಸಿ ಕೆಟ್ಟರೂ ಫೋನಿನಲ್ಲಿ ನಾನು. ಆ ವರ್ಷ ನಮ್ಮವರಿಗೆ ರಜೆ ಸಿಗಲಿಲ್ಲ, ಊರಿಗೆ ಹೋಗಲಿಲ್ಲ. ಬೇಸಿಗೆ ಪೂರ್ತಿ ಏಸಿಯ ಗೊರಗೊರ ಕೇಳಿಕೊಂಡು ಕಳೆದು, ನವೆಂಬರಿನಲ್ಲಿ ಅಂತೂ ಕಿಟಕಿ ತೆಗೆದರೆ ಗಾಳಿಗಿಂತ ಮೊದಲು ಧೂಳು ಒಳಗೆ ಬಂತು. ಒರೆಸುವುದು, ಅದು ಮತ್ತೆ ಕೂರುವುದು, ಮತ್ತೆ ಒರೆಸುವುದು. ಮಲಗಿ ಎದ್ದರೂ ಹೋಗದ ದಣಿವು ಅಂತ ಒಂದಿದೆ ಎಂದು ನನಗೆ ತಿಳಿದದ್ದು ಆಗಲೇ.

ನೆಲಮಹಡಿಯಲ್ಲಿ ಉಳ್ಳಾಲದ ಅಬ್ಬಾಸ್ ಅವರ ಟೈಲರ್ ಅಂಗಡಿಯಿತ್ತು. ಅಂಗಡಿ ಅವರದಲ್ಲ, ಒಬ್ಬ ಅರಬಿಯದು. ಹೊಲಿಗೆ ಮಾತ್ರ ಅವರದು. ಕತಾರಿಗಳು ವರ್ಷವೆಲ್ಲ ಬಿಳಿಯ ನಿಲುವಂಗಿ ಥೋಬ್ ತೊಟ್ಟರೂ ಚಳಿ ಬಂತೆಂದರೆ ಬೂದು, ಕಂದು, ಕಡು ನೀಲಿಯ ಉಣ್ಣೆ ಬಟ್ಟೆಯಲ್ಲಿ ಉದ್ದನೆಯ ಥೋಬ್ ಹೊಲಿಸುತ್ತಾರೆ. ಆ ಎರಡು ಮೂರು ತಿಂಗಳು ಅಬ್ಬಾಸ್ ಅವರಿಗೆ ತಲೆ ಎತ್ತಲು ಪುರಸೊತ್ತಿರುತ್ತಿರಲಿಲ್ಲ. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಅವರ ಹೆಂಡತಿ ಮೈಮುನಾ ಆ ವರ್ಷ ಬಂದು ಉಳಿದಿದ್ದಳು. ದರ್ಜಿಯ ವೀಸಾದವರಿಗೆ ಸಂಸಾರ ಕರೆತರುವ ಭಾಗ್ಯವಿರಲಿಲ್ಲ. ಅವಳು ಬಂದದ್ದು ವಿಸಿಟ್ ವೀಸಾದಲ್ಲಿ. ಅದನ್ನು ಎಳೆದೂ ಎಳೆದೂ ಮಾರ್ಚ್‌ವರೆಗೆ ತಂದು ನಿಲ್ಲಿಸಿದ್ದರು. "ಮಾರ್ಚ್ ಆಯ್ತಾ, ಖಲಾಸ್ ಟೀಚರ್," ಎಂದು ಮೈಮುನಾ ನಗುತ್ತಲೇ ಹೇಳುತ್ತಿದ್ದಳು.

ಮದುವೆಯಾಗಿ ಬಹಳ ವರ್ಷವಾಗಿತ್ತು. ಆದರೆ ಗಂಡ ಹೆಂಡತಿ ಒಟ್ಟಿಗೆ ಇದ್ದದ್ದೆಲ್ಲ ಅಬ್ಬಾಸ್ ರಜೆಯಲ್ಲಿ ಊರಿಗೆ ಹೋದಾಗ ಮಾತ್ರ. ಮಕ್ಕಳಿರಲಿಲ್ಲ. ಒಂದು ರಂಜಾನನ್ನು ಕೂಡ ಜೊತೆಯಲ್ಲಿ ಕಂಡಿರಲಿಲ್ಲ. ಆ ಕೋಣೆಗೆ ಕಿಟಕಿಯೂ ಇರಲಿಲ್ಲ, ಆದರೆ ಅವಳು ಅದರ ಬಾಗಿಲಿಗೆ ಪರದೆ ಹೊಲಿದು, ಪರದೆಗೆ ಅಂಚು ಕಟ್ಟಿ, ಮನೆ ಅನ್ನುವಂತೆ ಮಾಡಿಕೊಂಡಿದ್ದಳು. ಗಂಡನಿಗೆ ಕೈಹೊಲಿಗೆಯಲ್ಲಿ ಸಹಾಯ ಮಾಡುತ್ತಿದ್ದಳು. ಒಂದು ಹೊಲಿಗೆ ಓರೆಯಾದರೂ ಅಬ್ಬಾಸ್ ಏನೂ ಹೇಳದೆ ಬಟ್ಟೆಯನ್ನು ಅವಳ ಮಡಿಲಿಗೆ ಹಾಕುತ್ತಿದ್ದರು. ಅವಳೂ ಏನೂ ಹೇಳದೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಗಿರಾಕಿಯ ಕಣ್ಣಿಗೆ ಬೀಳುವ ಮೊದಲೇ ಬಿಚ್ಚುವುದು ಆ ಅಂಗಡಿಯ ಮರ್ಯಾದೆಯಾಗಿತ್ತು.

ಮಾರ್ಗರೆಟ್ ಬಂದದ್ದು ಆ ಅಂಗಡಿಗೆ. ಐವತ್ತು ದಾಟಿದ ಕೆನಡಾದ ಹೆಂಗಸು, ಗ್ಯಾಸ್ ಕಂಪನಿಯೊಂದರ ದೊಡ್ಡ ಸಾಹೇಬರ ಹೆಂಡತಿ. ಅಬ್ಬಾಸ್ ಮೇಲಕ್ಕೆ ಹೇಳಿಕಳಿಸಿದರು. ನಾನು ಟ್ಯೂಷನ್ ಬಿಟ್ಟು ಇಳಿದು ಬಂದೆ. ಆಕೆಗೆ ಬೇಕಾಗಿದ್ದದ್ದು ಥೋಬ್ ಅಲ್ಲ, ಥೋಬ್ ಹೊಲಿದು ಉಳಿದ ಉಣ್ಣೆಯ ಚೂರು. ಅದನ್ನು ಒಗೆದು, ಬೆರಳಗಲಕ್ಕಿಂತ ಸಪೂರ ಪಟ್ಟಿ ಮಾಡಿ, ಗೋಣಿ ತಟ್ಟಿನೊಳಗಿಂದ ಕೊಕ್ಕೆಯಲ್ಲಿ ಎಳೆದೆಳೆದು ನೆಲಕ್ಕೆ ಹಾಸುವ ಹಾಸು ಮಾಡುತ್ತಾರಂತೆ. "ಕಸಕ್ಕೆ ಎಂತ ದುಡ್ಡು? ತಗೊಂಡು ಹೋಗ್ಲಿ," ಎಂದು ಅಬ್ಬಾಸ್ ಒಂದು ಮೂಟೆಯನ್ನೇ ಕೊಟ್ಟರು. ಮಾರ್ಗರೆಟ್‌ಗೆ ಸಂಕೋಚವಾಯಿತು. ಬದಲಿಗೆ ಕಲಿಸುತ್ತೇನೆ, ಮಂಗಳವಾರ ಮನೆಗೆ ಬನ್ನಿ ಎಂದು ನಮ್ಮಿಬ್ಬರನ್ನೂ ಕರೆದರು.

ನಾನು ಹೋದದ್ದು ಮೈಮುನಾಳಿಗೆ ಇಂಗ್ಲಿಷ್ ಬಾರದು ಎಂಬ ಕಾರಣಕ್ಕೆ. ಅದೂ ಒಂದು ಡ್ಯೂಟಿ ಅಂದುಕೊಂಡೇ ಹೋದೆ. ಅಲ್ಲಿ ಏಳೆಂಟು ಹೆಂಗಸರು ಮಡಿಲಲ್ಲಿ ಚೌಕಟ್ಟು ಇಟ್ಟುಕೊಂಡು ಕೂತಿದ್ದರು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಉಣ್ಣೆ ಬೇಯುತ್ತಿತ್ತು. ಬಿಸಿನೀರಿಗೆ ಅದು ಕುಗ್ಗಿ ದಪ್ಪವಾಗಬೇಕಂತೆ, ಆಗ ಪಟ್ಟಿಯ ಎಳೆ ಬಿಡುವುದಿಲ್ಲವಂತೆ. ಕೆಲಸ ಸುಲಭ. ಪಟ್ಟಿಯನ್ನು ಗೋಣಿಯ ಕೆಳಗೆ ಹಿಡಿಯುವುದು, ಮೇಲಿನಿಂದ ಕೊಕ್ಕೆ ಇಳಿಸಿ ಅದನ್ನು ಒಂದು ಕುಣಿಕೆಯಾಗಿ ಮೇಲಕ್ಕೆ ಎಳೆಯುವುದು, ನೇಯ್ಗೆಯ ಪಕ್ಕದ ಕಣ್ಣಿನಲ್ಲಿ ಮತ್ತೊಂದು. ಗಂಟು ಎಂಬುದೇ ಇಲ್ಲ. ಒತ್ತೊತ್ತಾಗಿ ನಿಂತ ಕುಣಿಕೆಗಳೇ ಒಂದನ್ನೊಂದು ಹಿಡಿದುಕೊಂಡಿರುತ್ತವೆ. "ಗಂಟು ಹಾಕದೆ ಇದು ನಿಲ್ತದಾ ಟೀಚರ್? ಒಂದು ಎಳೆದ್ರೆ ಎಲ್ಲ ಬರ್ತದೆ," ಎಂದು ಮೈಮುನಾ ಅನುಮಾನಪಟ್ಟಳು. ಆದರೆ ಎರಡನೆಯ ಮಂಗಳವಾರಕ್ಕೆ ಅವಳ ಕೈ ಕೂತಿತು. ಸಾಲು ಎಳೆದ ಹಾಗೆ, ಎತ್ತರ ಒಂದೇ.

ನನ್ನ ಕೈ ಮಾತ್ರ ಏಳಲೇ ಇಲ್ಲ. ಬಾಸುಮತಿ ಅಕ್ಕಿಯ ಗೋಣಿ ಕತ್ತರಿಸಿ ಒಂದು ಸಣ್ಣ ಚೌಕಕ್ಕೆ ಶುರುಮಾಡಿದ್ದು ಚಳಿಗಾಲ ಪೂರ್ತಿ ಅಲ್ಲೇ ಇತ್ತು. "ಕಾಲೊರಸಿಗೆ ಇಷ್ಟು ತಪಸ್ಸಾ? ಹಾಗೇ ಗೋಣಿ ಹಾಕಿದ್ರೂ ನಾನು ಒರೆಸ್ಕೋತೀನಿ," ಎಂದು ನಮ್ಮವರು ರೇಗಿಸುತ್ತಿದ್ದರು. ನಾನು ಅಲ್ಲಿಗೆ ಹೋಗುತ್ತಿದ್ದದ್ದು ಬೇರೆಯೇ ಕಾರಣಕ್ಕೆ. ಆ ಹೆಂಗಸರು ಬಹಳ ಹೊತ್ತು ಮಾತಾಡುತ್ತಲೇ ಇರಲಿಲ್ಲ. ಯಾರೂ ಮಾತಾಡದಿದ್ದರೆ ನಾನು ಇಂಗ್ಲಿಷಿಗೆ ತಿರುಗಿಸಬೇಕಾದದ್ದೂ ಇರಲಿಲ್ಲ. ಒದ್ದೆ ಉಣ್ಣೆಯ ಆವಿಯಲ್ಲಿ ಕಣ್ಣು ಎಳೆಯುತ್ತಿತ್ತು.

ರಂಜಾನ್ ಬಂತು. ಮೈಮುನಾ ಗಂಡನಿಗೆ ಕೈಯಾರೆ ಇಫ್ತಾರ್ ಬಡಿಸಿದ ಮೊದಲ ರಂಜಾನ್. ಅದರ ನಡುವೆಯೇ ಮಾರ್ಗರೆಟ್ ಮನೆಯಲ್ಲಿ ಎರಡು ಸುದ್ದಿ ಕಿವಿಗೆ ಬಿದ್ದವು. ಆಕೆಯ ಗಂಡನ ಕೆಲಸದ ಅವಧಿ ಮುಗಿದಿದೆ, ಮಾರ್ಚ್ ನಡುವಿಗೆ ಅವರು ದೇಶ ಬಿಡುತ್ತಾರೆ ಎಂಬುದು ಒಂದು. ಕಂಪನಿಯ ಮನೆಗಳ ಪರದೆ, ಸೋಫಾ ಹೊಲಿಯಲು ಒಬ್ಬ ಖಾಯಂ ಟೈಲರ್ ಬೇಕಾಗಿದೆ, ಅದನ್ನು ತುಂಬುವುದು ಆಕೆಯ ಗಂಡನ ಕೈಯಲ್ಲೇ ಇದೆ, ಆ ಕೆಲಸಕ್ಕೆ ಫ್ಯಾಮಿಲಿ ವೀಸಾ ಉಂಟು ಎಂಬುದು ಇನ್ನೊಂದು. ಇದನ್ನು ದಾರಿಯಲ್ಲಿ ಮೈಮುನಾಳಿಗೆ ಹೇಳಿದೆ. ಅವಳು ನಡೆಯುತ್ತಿದ್ದವಳು ನಿಂತುಬಿಟ್ಟಳು. ಅಂಗಡಿಯ ಅರಬಿ ಬಿಡದೆ ಬೇರೆ ಕೆಲಸಕ್ಕೆ ಸೇರುವಂತಿರಲಿಲ್ಲ, ಅಬ್ಬಾಸ್ ಆ ವಾರವೇ ಅವನನ್ನು ಕೇಳಿದರು. ಬೇರೆ ಕಡೆ ಕೆಲಸ ಸಿಕ್ಕರೆ ಬಿಟ್ಟುಕೊಡುತ್ತೇನೆ ಎಂದು ಅವನು ಒಪ್ಪಿದ.

"ನಾಳೆನೇ ಮಾರ್ಗರೆಟ್‌ಗೆ ಫೋನ್ ಮಾಡಿ ಕೇಳ್ತೀನಿ," ಎಂದೆ.

"ಬೇಡ ಟೀಚರ್. ಫೋನಲ್ಲಿ ಕೇಳುವ ವಿಷಯ ಅಲ್ಲ ಇದು. ನೋಂಬು ಮುಗೀಲಿ. ಕ್ಯಾಂಪ್ ಉಂಟಲ್ಲ, ಅಲ್ಲಿ ಮೇಡಂ ಹತ್ರ ಕೂತು ಮೆಲ್ಲ ಕೇಳಿ. ಅಷ್ಟರಲ್ಲಿ ನನ್ನ ಕೆಲಸ ಕೂಡ ಅವರಿಗೆ ಸರಿ ಗೊತ್ತಾಗ್ತದೆ," ಎಂದಳು ಮೈಮುನಾ.

ಕ್ಯಾಂಪ್ ಎಂದರೆ ವರ್ಷಕ್ಕೊಮ್ಮೆ ಈ ಹೆಂಗಸರೆಲ್ಲ ದುಖಾನ್ ಕಡೆಯ ಕಡಲತೀರದ ರೆಸ್ಟ್ ಹೌಸಿಗೆ ಹೋಗಿ, ಮೂರು ದಿನ ಅಡುಗೆ ಮನೆ ಯೋಚನೆ ಬಿಟ್ಟು ಹಾಸು ಮಾಡುತ್ತಾ ಕೂರುವುದು. ಅಬ್ಬಾಸ್ ಮೊದಲು ಬಂದಾಗ ಇಂಡಸ್ಟ್ರಿಯಲ್ ಏರಿಯಾದ ಲೇಬರ್ ಕ್ಯಾಂಪಿನಲ್ಲಿದ್ದವರು. "ಇಷ್ಟ ಇದ್ದು ಕ್ಯಾಂಪಿಗೆ ಹೋಗುವವರು ಕೂಡ ಉಂಟಲ್ಲ," ಎಂದು ನಕ್ಕರು. ಹಬ್ಬದ ಸೇಮಿಗೆ ಪಾಯಸದ ರುಚಿ ಇನ್ನೂ ಬಾಯಲ್ಲಿರುವಾಗಲೇ ನಾವು ಹೊರಟೆವು. ನನ್ನ ತಲೆಯಲ್ಲಿ ಕೇಳಬೇಕಾದ ವಾಕ್ಯ ಇಂಗ್ಲಿಷಿನಲ್ಲಿ ಸಿದ್ಧವಾಗಿತ್ತು. ಕೊನೆಯ ದಿನ ಬೆಳಿಗ್ಗೆ ತಿಂಡಿಯಾದ ಮೇಲೆ ಕೇಳುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ದುಖಾನ್ ದಾರಿಯಲ್ಲಿ ನೋಡುವಂಥದ್ದು ಏನೂ ಇಲ್ಲ. ಕಲ್ಲುಮಣ್ಣಿನ ಬಯಲು, ಅಲ್ಲಲ್ಲಿ ಒಂಟೆ, ದೂರದಲ್ಲಿ ಉರಿಯುವ ಗ್ಯಾಸಿನ ಜ್ವಾಲೆ. ರೆಸ್ಟ್ ಹೌಸಿನ ಮುಂದೆ ಸದ್ದಿಲ್ಲದ ಸಮುದ್ರ. ನಾನು ಕೋಣೆಗೆ ಹೋಗಿ ಪರದೆ ಎಳೆದು ಮಲಗಿದೆ. ಊಟಕ್ಕೆ ಎದ್ದೆ, ಮತ್ತೆ ಮಲಗಿದೆ. ಬೇರೆ ಹೆಂಗಸರು ಸಮುದ್ರ ನೋಡುತ್ತಾ ಒಂದೊಂದು ಕುಣಿಕೆ ಎಳೆದು, ನಡುವೆ ಕಾಫಿ ಕುಡಿದು, ಮತ್ತೆ ಒಂದು ಎಳೆಯುತ್ತಿದ್ದರು. ಮೈಮುನಾ ಮೊದಲ ದಿನವೇ ತನ್ನದನ್ನು ಮುಗಿಸಿ ಅಂಚು ಮಡಚಿ ಹೊಲಿದುಬಿಟ್ಟಳು. "ಸುಮ್ನೆ ಕೂತ್ಕೊಂಡ್ರೆ ನನಗೆ ಮೈ ನೋಯ್ತದೆ ಟೀಚರ್," ಎಂದು ಬೇರೆಯವರ ಉಣ್ಣೆಯನ್ನೂ ಪಟ್ಟಿ ಮಾಡಿಕೊಟ್ಟಳು.

ಮಾರ್ಗರೆಟ್ ಅವರ ಹಾಸು ಕಿಟಕಿಯ ಪಕ್ಕದ ಚೌಕಟ್ಟಿನಲ್ಲಿತ್ತು. ನಡುವೆ ಒಂದು ಬೂದು ದೋಣಿ, ಸುತ್ತ ಹಸಿರು ಎಲೆಗಳ ಬಳ್ಳಿ. ಹಳೆಯದು. ಆಕೆ ಪ್ರತಿ ಕ್ಯಾಂಪಿಗೂ ಅದನ್ನು ತರುತ್ತಿದ್ದರಂತೆ, ಒಂದೆರಡು ಸಾಲು ಮಾಡಿ ಇಡುತ್ತಿದ್ದರಂತೆ. ಹೆಚ್ಚಿನದನ್ನು ಆಕೆ ಹೇಳಿರಲಿಲ್ಲ, ನಾವು ಕೇಳಿರಲಿಲ್ಲ.

ಎರಡನೆಯ ದಿನ ಊಟ ಮುಗಿಸಿ ಎಲ್ಲರೂ ಮರಳಿನ ದಿಣ್ಣೆ ನೋಡಲು ಕಾರು ಹತ್ತಿದರು. ನಾನು ನಿದ್ದೆ ಬೇಕೆಂದು ಉಳಿದೆ. ನಮಾಜಿದೆಯೆಂದು ಮೈಮುನಾ ಉಳಿದಳು. ನಾನು ಎದ್ದು ಹಜಾರಕ್ಕೆ ಬಂದಾಗ ಬಿಸಿಲು ಇಳಿದಿತ್ತು. ಮೈಮುನಾ ಮಾರ್ಗರೆಟ್‌ರ ಚೌಕಟ್ಟಿನ ಮುಂದೆ ಕೂತಿದ್ದಳು. ಬೆನ್ನು ನೆಟ್ಟಗೆ ಮಾಡಿ, ಬೆರಳು ಮುರಿದುಕೊಂಡು, ಮುಖ ತುಂಬಾ ಸಂತೋಷ.

"ಈ ಮೂಲೆ ನೋಡಿ ಟೀಚರ್. ಯಾರೋ ಕಲೀಲಿಕ್ಕೆ ಬಂದವರು ಮಾಡಿದ್ದು ಇರ್ಬೇಕು. ಎಲೆ ಎಲ್ಲ ಓರೆಕೋರೆ, ಒಂದು ಮೇಲೆ, ಒಂದು ಕೆಳಗೆ. ಪಾಪ, ಮೇಡಂಗೆ ಅದನ್ನು ಬಿಚ್ಚಲಿಕ್ಕೆ ಪುರಸೊತ್ತು ಸಿಕ್ಕಿಲ್ಲ. ನಾನು ಎಲ್ಲ ಬಿಚ್ಚಿ ಸರಿ ಮಾಡಿದೆ. ಪಟ್ಟಿ ಅದೇ, ಹೊಸತು ಒಂದು ಕೂಡ ಹಾಕ್ಲಿಲ್ಲ."

ಚೆನ್ನಾಗಿದೆ ಎಂದೆ. ನಿಜಕ್ಕೂ ಚೆನ್ನಾಗಿತ್ತು. ಆ ಮೂಲೆ, ದೋಣಿ, ಬಳ್ಳಿಯ ಉಳಿದ ಭಾಗ, ಎಲ್ಲ ಒಂದೇ ಕೈಯಿಂದ ಬಂದಂತಿತ್ತು.

ಕಾರುಗಳು ಬಂದವು. ಮಾರ್ಗರೆಟ್ ನಗುತ್ತಲೇ ಒಳಗೆ ಬಂದು ಕಿಟಕಿಯ ಹತ್ತಿರ ಹೋದರು. ಬಳ್ಳಿಯ ಮೇಲೆ ಅಂಗೈ ಇಟ್ಟು ಸವರಿದರು. ಇನ್ನೊಮ್ಮೆ ಸವರಿದರು, ಕತ್ತಲಲ್ಲಿ ಗೋಡೆ ತಡಕುವವರಂತೆ. ಆಮೇಲೆ ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತು, ಇದನ್ನು ಯಾರು ಮುಟ್ಟಿದರು ಎಂದು ನನ್ನನ್ನು ಕೇಳಿದರು. ದನಿ ಏರಲಿಲ್ಲ.

ನಾನು ಹೇಳಿದೆ. ಮೈಮುನಾ ಹೇಳಿದ್ದೆಲ್ಲವನ್ನೂ ಹಾಗೆಹಾಗೆಯೇ ಇಂಗ್ಲಿಷಿಗೆ ತಿರುಗಿಸಿದೆ. ಕೇಳಿಸಿಕೊಂಡು ಆಕೆ ಹೇಳಿದರು: ಈ ಹಾಸನ್ನು ಶುರುಮಾಡಿದ್ದು ನನ್ನ ತಾಯಿ. ಕೊನೆಯ ಕಾಯಿಲೆಯಲ್ಲಿ ಹಾಸಿಗೆಗೆ ಒರಗಿ ಕೂತು ಮಾಡಿದ್ದು ಆ ಮೂಲೆಯ ಎಲೆಗಳನ್ನು. ಕೈ ನಡುಗುತ್ತಿತ್ತು. ಒಂದು ಕುಣಿಕೆ ಎಳೆದು ಸುಧಾರಿಸಿಕೊಂಡು ಇನ್ನೊಂದು ಎಳೆಯುತ್ತಿದ್ದಳು. ಆಮೇಲೆ ಅದನ್ನು ನಾನು ಮುಂದುವರಿಸಿದೆ. ಬೇಗ ಮುಗಿಸಲು ಮನಸ್ಸು ಬರಲಿಲ್ಲ.

ಇದನ್ನು ಕನ್ನಡದಲ್ಲಿ ಹೇಳಬೇಕಾಗಿತ್ತು. ಆ ವರ್ಷ ಯಾರ‍್ಯಾರದೋ ಎಷ್ಟೋ ಮಾತನ್ನು ದಾಟಿಸಿದ್ದೇನೆ. ನಿಮಗೆ ಕ್ಯಾನ್ಸರ್ ಇದೆ ಎಂದೂ ಒಬ್ಬರಿಗೆ ಹೇಳಿದ್ದೇನೆ. ಆದರೆ ಮೈಮುನಾಳ ಮುಖದಲ್ಲಿ ಮೆಚ್ಚುಗೆಗೆ ಕಾಯುವ ನಗು ಇನ್ನೂ ಇತ್ತು, ಅದನ್ನು ನೋಡುತ್ತಾ ಹೇಳುವುದು ನನ್ನಿಂದಾಗಲಿಲ್ಲ. ನೆಲ ನೋಡಿಕೊಂಡು ಹೇಳಿದೆ. "ಅದು ಅವರ ತಾಯಿ ಮಾಡಿದ್ದಂತೆ ಮೈಮುನಾ. ಸಾಯೋ ಮುಂಚೆ. ಕೈ ನಡುಗ್ತಿತ್ತಂತೆ."

ಅವಳು ಸ್ವಲ್ಪ ಹೊತ್ತು ತನ್ನ ಎರಡೂ ಕೈ ನೋಡಿಕೊಂಡಳು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಮಾರ್ಗರೆಟ್ ಕುರ್ಚಿಯ ಪಕ್ಕ ನೆಲದ ಮೇಲೆ ಗೋಡೆಗೊರಗಿ ಕೂತಳು. ಕ್ಷಮೆ ಕೇಳಲಿಲ್ಲ. ಅವಳು ಹೇಳಿದ್ದರೆ ತಾನೆ ನಾನು ತಿರುಗಿಸುವುದು? ಉಳಿದ ಹೆಂಗಸರು ಕಸಿವಿಸಿಯಿಂದ ಅಡುಗೆ ಮನೆಯ ಕಡೆ ಸರಿದರು. ಒಬ್ಬಾಕೆ ಚಹಾ ತಂದಿಟ್ಟಳು, ಇಬ್ಬರೂ ಮುಟ್ಟಲಿಲ್ಲ. ಮುಸ್ಸಂಜೆಯ ಮಗ್ರಿಬ್ ನಮಾಜಿಗೆ ಎದ್ದು ಹೋದ ಮೈಮುನಾ ತಿರುಗಿ ಅಲ್ಲಿಗೇ ಬಂದು ಕೂತಳು. ಸಂಜೆಯ ಊಟಕ್ಕೆ ಕರೆದರೆ ತಲೆ ಅಲ್ಲಾಡಿಸಿದಳು. ನಾನು ದೂರದ ಸೋಫಾದಲ್ಲಿ ಕೂತು ನೋಡುತ್ತಿದ್ದೆ. ಒಂದು ಹೊತ್ತಿನಲ್ಲಿ ಮಾರ್ಗರೆಟ್ ಅಳತೊಡಗಿದರು. ಮೈಮುನಾ ಸಮಾಧಾನ ಮಾಡಲಿಲ್ಲ. ಆಕೆಯ ಮೊಣಕಾಲ ಮೇಲೆ ಕೈ ಇಟ್ಟು, ತಾನೂ ಕಣ್ಣೊರೆಸಿಕೊಂಡಳು, ಅಷ್ಟೇ. ಆಗ ನನಗೆ ಅರ್ಥವಾಯಿತು. ನಮ್ಮ ಕಡೆಯೂ ಸಾವಾದ ಮನೆಗೆ ಹೆಂಗಸರು ಹೀಗೇ ಬಂದು, ಮಾತಿಲ್ಲದೆ, ಹೀಗೇ ಗೋಡೆಗೊರಗಿ ಕೂರುತ್ತಾರೆ.

ಮರುದಿನ ಬೆಳಿಗ್ಗೆ ಸಾಮಾನು ಕಟ್ಟುವಾಗ ಮೈಮುನಾ ನನ್ನ ಕೈ ಹಿಡಿದಳು. "ಆ ವಿಷಯ ಕೇಳ್ಬೇಡಿ ಟೀಚರ್."

"ಇವತ್ತು ಬಿಟ್ರೆ ಆಮೇಲೆ ಅವರು ಸಿಗೋದೇ ಇಲ್ಲ ಮೈಮುನಾ. ಮುಂದಿನ ವಾರ ಹೊರಟೇ ಬಿಡ್ತಾರೆ."

"ಗೊತ್ತುಂಟು."

ತಿಂಡಿಯ ಮೇಜಿನಿಂದ ಮಾರ್ಗರೆಟ್ ತಾವೇ ಎದ್ದು ನಮ್ಮ ಹತ್ತಿರ ಬಂದರು. ಕಣ್ಣು ಊದಿತ್ತು. ಮೈಮುನಾಳ ಎರಡೂ ಕೈ ಹಿಡಿದುಕೊಂಡು, ಮಾತು ಮಾತ್ರ ನನಗೆ ಹೇಳಿದರು. ತಾಯಿ ಸತ್ತಾಗ ನಾನು ಹತ್ತಿರ ಇರಲಿಲ್ಲ, ಸತ್ತ ಮೇಲೆಯೂ ಯಾರೂ ನನ್ನ ಜೊತೆ ಹೀಗೆ ಕೂತಿರಲಿಲ್ಲ. ಇವಳಿಗೆ ನಾನು ಏನಾದರೂ ಮಾಡಬೇಕು. ಏನು ಬೇಕೋ ಕೇಳಲಿ. ನನ್ನ ಗಂಡನ ಮಾತು ಇನ್ನೊಂದು ವಾರ ನಡೆಯುತ್ತದೆ, ನಾಚಿಕೊಳ್ಳಬೇಡ ಅಂತ ಹೇಳಿ.

ನಾನು ಮೈಮುನಾಳ ಕಡೆ ತಿರುಗಿದೆ. ಒಂದಕ್ಷರ ಬಿಡದೆ ಹೇಳಿದೆ. ಅಷ್ಟು ಸಾಲದೆಂದು ಜೊತೆಗೆ ಸೇರಿಸಿದೆ: "ಅವರಾಗಿಯೇ ಕೇಳ್ತಿದ್ದಾರೆ. ಒಂದು ಮಾತು ಹೇಳು. ನಿನಗಲ್ಲದಿದ್ರೆ ಅಬ್ಬಾಸ್ ಭಾಯಿಗೋಸ್ಕರ."

"ಎಂತ ಕೂಡ ಬೇಡ ಅಂತ ಹೇಳಿ ಟೀಚರ್."

ನನಗೆ ಸಿಟ್ಟು ಬಂತು. ಅವಳನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಆದರೂ ಅವಳ ಮಾತು ಅವಳದು. ಏನೂ ಬೇಡವಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಹೊರಟಾಗ ಮಾರ್ಗರೆಟ್ ಬಾಗಿಲಲ್ಲಿ ನಿಂತು ಕೈ ಎತ್ತಿದರು. ಮೈಮುನಾ ಹಿಂದೆ ನೋಡದೆ, ಬರ್ತೇನೆ ಎಂದು ಕೂಡ ಹೇಳದೆ ವ್ಯಾನು ಹತ್ತಿದಳು. ಅವಳಿಗೆ ಇನ್ನೂ ಮುಜುಗರ ಎಂದು ಆಕೆ ತಿಳಿದುಕೊಂಡಿರಬೇಕು. ಸಾವಿನ ಮನೆಯಲ್ಲಿ ಹೋಗಿಬರುತ್ತೇನೆ ಅನ್ನಬಾರದು ಎಂಬುದನ್ನು ಆ ಹೊತ್ತಿನಲ್ಲಿ ಇಂಗ್ಲಿಷಿಗೆ ತಿರುಗಿಸುವ ತ್ರಾಣ ನನ್ನಲ್ಲಿರಲಿಲ್ಲ. ನಾನೂ ಹೇಳದೆಯೇ ಹತ್ತಿದೆ.

ಅರ್ಧ ದಾರಿ ಬಂದ ಮೇಲೆ, "ನೀನು ಮಾಡಿದ್ದು ಸರೀನಾ?" ಎಂದು ಕೇಳಿದೆ.

ಅವಳು ಕಿಟಕಿಯಿಂದ ಬಯಲು ನೋಡುತ್ತಿದ್ದಳು. "ಆ ತಾಯಿಯ ಕೈ ಅಷ್ಟೇ ಉಳ್ದದ್ದು ಅವರಿಗೆ. ಅದನ್ನು ನಾನು ಬಿಚ್ಚಿ ಹಾಕಿದೆ. ಸತ್ತ ಮನೆಗೆ ಹೋದವರು ಅಲ್ಲಿಂದ ಏನಾದ್ರು ಕೈಯಲ್ಲಿ ಹಿಡ್ಕೊಂಡು ಬರ್ತಾರಾ ಟೀಚರ್?" ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಅವರಿಗೆ ನಾನೇ ಹೇಳ್ತೇನೆ. ನೀವು ಹೇಳ್ಬೇಡಿ," ಎಂದಳು. ಅವರು ಎಂದರೆ ಅಬ್ಬಾಸ್.

ಮಾರ್ಗರೆಟ್ ದಂಪತಿ ಹೋದರು. ಆ ಕೆಲಸಕ್ಕೆ ಯಾರನ್ನು ತೆಗೆದುಕೊಂಡರೋ ನನಗೆ ತಿಳಿಯಲಿಲ್ಲ. ಮಾರ್ಚ್ ಕೊನೆಗೆ ಒಂದು ದಿನ ಮಳೆ ಬಂದು ಬಿನ್ ಮಹಮೂದಿನ ರಸ್ತೆಗಳಲ್ಲಿ ನೀರು ನಿಂತಿತು. ಆ ಮಧ್ಯಾಹ್ನವೇ ನಮ್ಮವರ ಕಾರಿನಲ್ಲಿ ಮೈಮುನಾಳನ್ನು ಏರ್‌ಪೋರ್ಟಿಗೆ ಬಿಟ್ಟುಬಂದೆವು. ಅವಳು ನನ್ನನ್ನು ತಬ್ಬಿಕೊಂಡು, "ಊರಿಗೆ ಬಂದ್ರೆ ಉಳ್ಳಾಲಕ್ಕೆ ಬರ್ಲೇಬೇಕು ಆಯ್ತಾ," ಎಂದು ನಗುತ್ತಾ ಒಳಗೆ ಹೋದಳು. ಅಬ್ಬಾಸ್ ಗಾಜಿನ ಈಚೆ ಬಹಳ ಹೊತ್ತು ನಿಂತಿದ್ದರು. ನಮ್ಮವರು ಕಾರು ತರಲು ಹೋದಾಗ ಅವರು ನನ್ನ ಹತ್ತಿರ ಬಂದರು.

"ಅವಳು ಎಲ್ಲ ಹೇಳಿದ್ದಾಳೆ ಟೀಚರ್. ಕೇಳ್ಬಾರ್ದಿತ್ತು, ಸರಿಯೇ. ಆದ್ರೂ ಒಂದು ಮಾತು. ಕೇಳಿದ್ರೆ ಅವರು ಕೊಡ್ತಿದ್ರಾ?"

ಕೊಡುತ್ತಿದ್ದರು. ಆ ಬೆಳಿಗ್ಗೆ ಮೈಮುನಾ ಕೇಳಿದ್ದರೆ ಮಾರ್ಗರೆಟ್ ಅಲ್ಲಿಂದಲೇ ಗಂಡನಿಗೆ ಫೋನ್ ಮಾಡುತ್ತಿದ್ದರು. ಇದು ನನಗೆ ಗೊತ್ತಿತ್ತು.

"ಇಲ್ಲ ಅಬ್ಬಾಸ್ ಭಾಯಿ," ಎಂದೆ. "ಆ ಕೆಲಸಕ್ಕೆ ಆಗಲೇ ಬೇರೆ ಯಾರನ್ನೋ ತಗೊಂಡಿದ್ರಂತೆ."

ಅವರು ಉಸಿರು ಬಿಟ್ಟರು. ತಲೆಯಾಡಿಸಿದರು. "ಹಾಗಾದ್ರೆ ಒಳ್ಳೇದೇ ಆಯ್ತು," ಎಂದರು. "ಕೇಳಿ ಸಿಗದಿದ್ರೆ ಅವಳಿಗೆ ತುಂಬ ಬೇಜಾರಾಗ್ತಿತ್ತು."